ಗೊರಕೆ ನಿಂತಾಗ ಕಿವಿಯ ಜೊತೆ ಕಣ್ಣೂ ಬೇಕು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ನಿದ್ದೆಯಲ್ಲಿ ಉಸಿರು ನಿಲ್ಲುವುದು, ಅಂದರೆ ಸ್ಲೀಪ್ ಅಪ್ನಿಯಾ. ಅದರಲ್ಲೂ, ಬರೀ ಶಬ್ದ ಕೇಳಿ ಅದು ಯಾವ ಬಗೆಯ ಅಪ್ನಿಯಾ ಅಂತ ಹೇಳಬಹುದಾ ಅನ್ನುವ ಪ್ರಶ್ನೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಪೂರ್ತಿ ಇದನ್ನೇ ನೋಡೋಣ. ಹೆಸರು ಹಾಕಬೇಡಿ ಅಂತ ತುಂಬಾ ಜನ ಕೇಳಿಕೊಂಡಿದ್ದಾರೆ, ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಡಾಕ್ಟರೇ, ನಮ್ಮ ಮನೆಯವರಿಗೆ 48 ವರ್ಷ. ಗೊರಕೆ ಜೋರು. ಮಧ್ಯೆ ಮಧ್ಯೆ ತಟ್ಟನೆ ನಿಂತುಬಿಡುತ್ತದೆ, ಆಮೇಲೆ ಗಕ್ ಅಂತ ಉಸಿರೆಳೆದು ಮತ್ತೆ ಶುರು. ಅಪ್ನಿಯಾದಲ್ಲಿ ಒಂದು ಗಂಟಲಿನದು, ಇನ್ನೊಂದು ಮಿದುಳಿನದು ಅಂತ ಓದಿದೆ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದೇನೆ. ಅದನ್ನು ಕೇಳಿ ಯಾವ ಬಗೆ ಅಂತ ಹೇಳಬಹುದಾ? ಅವರು ಮಾತ್ರ ‘ನಾನು ಗೊರಕೆನೇ ಹೊಡೆಯಲ್ಲ’ ಅಂತಾರೆ.

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲಮ್ಮ, ಅವರಿಗೆ ನಿಜವಾಗಿಯೂ ಗೊತ್ತಿಲ್ಲ. ರಾತ್ರಿ ನೂರಾರು ಸಲ ಉಸಿರುಗಟ್ಟಿ ಎಚ್ಚರವಾದರೂ ಆ ಎಚ್ಚರ ಕೆಲವೇ ಸೆಕೆಂಡಿನದು, ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಜಗಳ ಬೇಡ, ಸುಮ್ನೆ ರೆಕಾರ್ಡಿಂಗ್ ಕೇಳಿಸಿ.

ಇನ್ನು ಬಗೆಗಳ ವಿಷಯ. ಗಂಟಲಿನ ಬಗೆಗೆ ಅಬ್‌ಸ್ಟ್ರಕ್ಟಿವ್ ಅಪ್ನಿಯಾ ಅನ್ನುತ್ತಾರೆ. ಜಾಸ್ತಿ ಜನರಲ್ಲಿ ಕಾಣುವುದು ಇದೇ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ, ಉಸಿರು ಎಳೆದಷ್ಟೂ ಗಂಟಲಿನ ಗೋಡೆಗಳು ಒಳಕ್ಕೆ ಬಂದು ಅಂಟಿಕೊಳ್ಳುತ್ತವೆ. ಮಿದುಳು ‘ಎಳಿ, ಎಳಿ’ ಅನ್ನುತ್ತಲೇ ಇರುತ್ತದೆ, ಎದೆ ಎಳೆಯುತ್ತಲೇ ಇರುತ್ತದೆ, ದಾರಿ ಮಾತ್ರ ಮುಚ್ಚಿದೆ. ಸೆಂಟ್ರಲ್ ಅಪ್ನಿಯಾ ಇದಕ್ಕೆ ತದ್ವಿರುದ್ಧ. ಅಲ್ಲಿ ಮಿದುಳಿನಿಂದ ಉಸಿರೆಳೆಯುವ ಸಂದೇಶವೇ ಆ ಹೊತ್ತಿಗೆ ಬರುವುದಿಲ್ಲ, ಎದೆ ಪ್ರಯತ್ನವನ್ನೇ ಮಾಡುವುದಿಲ್ಲ. ಮೂರನೆಯದು ಮಿಶ್ರ ಬಗೆ: ಸೆಂಟ್ರಲ್ ಆಗಿ ಶುರುವಾಗಿ ಅಬ್‌ಸ್ಟ್ರಕ್ಟಿವ್ ಆಗಿ ಮುಗಿಯುವಂಥದ್ದು.

ಈಗ ನಿಮ್ಮ ರೆಕಾರ್ಡಿಂಗ್. ಇಲ್ಲೇ ಎಲ್ಲರೂ ಎಡವುವುದು. ಉಸಿರು ಪೂರ್ತಿ ನಿಂತಾಗ ಗಾಳಿ ಓಡಾಡುವುದಿಲ್ಲ, ಗಾಳಿ ಓಡಾಡದಿದ್ದರೆ ಶಬ್ದವೂ ಇಲ್ಲ. ಅದು ಗಂಟಲು ಮುಚ್ಚಿ ನಿಂತದ್ದಾದರೂ ಅಷ್ಟೇ, ಮಿದುಳು ಸುಮ್ಮನಾಗಿ ನಿಂತದ್ದಾದರೂ ಅಷ್ಟೇ. ಮೈಕ್‌ಗೆ ಎರಡೂ ಒಂದೇ. ಆದ್ದರಿಂದ ನಿಶ್ಶಬ್ದವನ್ನು ಎಷ್ಟು ಸಲ ಕೇಳಿದರೂ ಪ್ರಯೋಜನವಿಲ್ಲ, ಅದರ ಹಿಂದೆ ಮುಂದೆ ಏನಿದೆ ಅನ್ನುವುದನ್ನು ಕೇಳಬೇಕು. ಆ ಹೊತ್ತಿನಲ್ಲಿ ಎದೆ ಹೊಟ್ಟೆ ಏನು ಮಾಡುತ್ತಿದ್ದವು ಅಂತ ಕಣ್ಣಲ್ಲಿ ನೋಡಬೇಕು.

ಗಂಟಲಿನ ಬಗೆಯಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ. ಗೊರಕೆ ಒಂದೊಂದು ಉಸಿರಿಗೂ ಬಿಗಿಯಾಗುತ್ತಾ, ಒತ್ತಿದ ಹಾಗೆ ಕೇಳಿಸುತ್ತಾ ಬಂದು ಕಡಿದು ಹಾಕಿದಂತೆ ನಿಲ್ಲುತ್ತದೆ. ಮೂಗು ಬಾಯಿ ಎರಡರಲ್ಲೂ ಗಾಳಿ ಇಲ್ಲ. ಆದರೆ ಹೊದಿಕೆ ಸರಿಸಿ ನೋಡಿ: ಹೊಟ್ಟೆ ಉಬ್ಬುತ್ತದೆ, ಅದೇ ಕ್ಷಣಕ್ಕೆ ಎದೆ ಒಳಕ್ಕೆ ಹೋಗುತ್ತದೆ, ಆಮೇಲೆ ಅದಲು ಬದಲು. ಮಾಮೂಲಿ ಉಸಿರಾಟದಲ್ಲಿ ಎರಡೂ ಒಟ್ಟಿಗೆ ಏರಿ ಇಳಿಯಬೇಕು, ಅಲ್ವಾ? ಇಲ್ಲಿ ಒಂದಕ್ಕೊಂದು ಎದುರಾಗಿ ಎಳೆದಾಡುತ್ತವೆ. ಕತ್ತಿನ ಕೆಳಗಿನ ಗುಳಿ ಪ್ರತಿ ಎಳೆತಕ್ಕೂ ಒಳಕ್ಕೆ ಹೋಗುತ್ತದೆ. ಗಂಟಲಿನಲ್ಲಿ ಕ್ಳಕ್ ಅಂತ ಸಣ್ಣ ಸದ್ದೂ ಬರಬಹುದು. ಹತ್ತು ಸೆಕೆಂಡ್, ಇಪ್ಪತ್ತು, ಕೆಲವರಲ್ಲಿ ಅರ್ಧ ನಿಮಿಷ ದಾಟುತ್ತದೆ. ಎಳೆತ ಜೋರಾಗುತ್ತಾ ಹೋಗಿ ಕಾಲು ಒದರುತ್ತಾರೆ, ಇಲ್ಲ ಮಗ್ಗುಲು ಹೊರಳುತ್ತಾರೆ, ನೀವು ಹೇಳಿದ ಆ ‘ಗಕ್’ ಬರುತ್ತದೆ. ಅದರ ಹಿಂದೆಯೇ ನಾಲ್ಕಾರು ದೊಡ್ಡ ಉಸಿರು, ಮತ್ತೆ ಗೊರಕೆ.

ಸೆಂಟ್ರಲ್‌ನಲ್ಲಿ ಈ ಗುದ್ದಾಟ ಇರುವುದಿಲ್ಲ. ಉಸಿರು ಮೆಲ್ಲಗಾಗುತ್ತದೆ, ಇನ್ನೂ ಮೆಲ್ಲಗಾಗುತ್ತದೆ, ನಿಲ್ಲುತ್ತದೆ. ಎದೆಯೂ ಹೊಟ್ಟೆಯೂ ಅಲುಗಾಡುವುದಿಲ್ಲ. ಮತ್ತೆ ಶುರುವಾಗುವಾಗಲೂ ಗಕ್ ಅನ್ನುವ ಆರ್ಭಟ ಕಮ್ಮಿ, ಮೆಲ್ಲಗೆ ಏರುತ್ತದೆ ಅಥವಾ ಒಂದು ನಿಟ್ಟುಸಿರಿನಿಂದ ಶುರುವಾಗುತ್ತದೆ. ಮಿಶ್ರ ಬಗೆಯನ್ನು ಕಿವಿಯಿಂದ ಹಿಡಿಯುವುದು ಇನ್ನೂ ಕಷ್ಟ, ಯಾಕಂದರೆ ಅದರ ಕೊನೆ ಗಂಟಲಿನ ಬಗೆಯ ಹಾಗೆಯೇ. ಮೊದಲ ಕೆಲವು ಸೆಕೆಂಡ್ ಎದೆ ಸುಮ್ಮನಿತ್ತು ಅನ್ನುವುದು ನೋಡಿದವರಿಗೆ ಮಾತ್ರ ಗೊತ್ತು.

ಇನ್ನೊಂದು ಬಗೆಯನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೈಪಾಪ್ನಿಯಾ. ಉಸಿರು ಪೂರ್ತಿ ನಿಲ್ಲುವುದಿಲ್ಲ, ತೀರಾ ಕಮ್ಮಿಯಾಗುತ್ತದೆ. ಗೊರಕೆ ನಿಲ್ಲದೆ ತೆಳ್ಳಗೆ, ಹಿಂಡಿದಂತೆ ಕೇಳಿಸುತ್ತಾ ಹೋಗುತ್ತದೆ, ರಕ್ತದ ಆಮ್ಲಜನಕ ಮಾತ್ರ ಇಳಿಯುತ್ತಿರುತ್ತದೆ. ‘ಉಸಿರು ನಿಲ್ಲಲ್ಲ, ಬರೀ ಗೊರಕೆ’ ಅಂದುಕೊಂಡವರಲ್ಲೂ ಇದು ಸಾಕಷ್ಟು ಇರಬಹುದು.

ನೀವು ಬರೆದದ್ದನ್ನು ನೋಡಿದರೆ ನಿಮ್ಮ ಯಜಮಾನರದು ಗಂಟಲಿನ ಬಗೆ ಅನ್ನಿಸುತ್ತದೆ. ಆದರೆ ‘ಅನ್ನಿಸುತ್ತದೆ’ ಅಷ್ಟೇ, ಅದರ ಮೇಲೆ ನಾನು ಚಿಕಿತ್ಸೆ ಬರೆಯುವುದಿಲ್ಲ. ಗೊರಕೆ ಇದ್ದವರಿಗೂ ಸೆಂಟ್ರಲ್ ಇರಬಹುದು, ಒಬ್ಬರಲ್ಲೇ ಒಂದೇ ರಾತ್ರಿ ಎರಡೂ ಇರಬಹುದು. ಒಂದು ಕೆಲಸ ಮಾಡಿ. ಆಡಿಯೋ ಬದಲು ವಿಡಿಯೋ ತೆಗೆಯಿರಿ. ಫೋನನ್ನು ಪಕ್ಕದಿಂದ ಇಡಿ, ಮುಖದಿಂದ ಹೊಟ್ಟೆಯವರೆಗೆ ಕಾಣಬೇಕು, ಹೊದಿಕೆ ತೆಳ್ಳಗಿರಲಿ, ಸಣ್ಣ ದೀಪ ಸಾಕು. ಅಂಗಾತ ಮಲಗಿದಾಗ ಒಂದು, ಮಗ್ಗುಲಾಗಿ ಮಲಗಿದಾಗ ಒಂದು. ಸಾಧ್ಯವಾದರೆ ಬೆಳಗಿನ ಜಾವ ಇನ್ನೊಂದು, ಯಾಕಂದರೆ ಕನಸಿನ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲಿ ಜಾಸ್ತಿ, ಆಗ ಸ್ನಾಯುಗಳು ಇನ್ನಷ್ಟು ಸಡಿಲವಾಗಿ ಗಂಟಲಿನ ಬಗೆ ಬಲವಾಗುತ್ತದೆ. ಸೆಂಟ್ರಲ್ ಹೆಚ್ಚಾಗಿ ಕಾಣುವುದು ಕನಸಿಲ್ಲದ ಹಗುರ ನಿದ್ದೆಯಲ್ಲಿ. ಐದು ನಿಮಿಷದ ವಿಡಿಯೋದಲ್ಲಿ ಎರಡು ಮೂರು ಸಲ ಉಸಿರು ನಿಂತದ್ದು ಸಿಕ್ಕರೂ ಸಾಕು, ಅದನ್ನು ಹಿಡಿದುಕೊಂಡು ಹೋಗಿ ಸ್ಲೀಪ್ ಸ್ಟಡಿ ಮಾಡಿಸಿ. ಸ್ಲೀಪ್ ಸ್ಟಡಿಯಲ್ಲಿ ಮೂಗಿನ ಹತ್ತಿರ ಗಾಳಿ ಅಳೆಯುವ ನಳಿಗೆ, ಎದೆಗೊಂದು ಹೊಟ್ಟೆಗೊಂದು ಬೆಲ್ಟ್, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕುತ್ತಾರೆ. ಬಗೆಯನ್ನು ತೀರ್ಮಾನಿಸುವುದು ಮುಖ್ಯವಾಗಿ ಆ ಎರಡು ಬೆಲ್ಟುಗಳೇ. ಗಾಳಿ ನಿಂತಾಗ ಬೆಲ್ಟ್ ಅಲುಗಾಡಿದರೆ ಗಂಟಲು, ಅಲುಗಾಡದಿದ್ದರೆ ಸೆಂಟ್ರಲ್.

ಅಂದಹಾಗೆ ಅವರು ಹಗಲು ತೂಕಡಿಸುತ್ತಾರಾ ಅಂತ ನೀವು ಬರೆದಿಲ್ಲ. ಗಾಡಿ ಓಡಿಸುವಾಗ ಕಣ್ಣು ಎಳೆಯುತ್ತದೆ ಅಂದರೆ ಪರೀಕ್ಷೆ ಆಗುವವರೆಗೆ ಓಡಿಸುವುದು ಬೇಡ.

ಪ್ರಶ್ನೆ: ನನ್ನ ತಂದೆಗೆ 71, ಹಾರ್ಟ್ ಫೇಲ್ಯೂರ್ ಇದೆ. ಗೊರಕೆ ಅಷ್ಟಿಲ್ಲ. ಆದರೆ ಮಲಗಿದಾಗ ಉಸಿರು ಜೋರಾಗುತ್ತಾ ಆಗುತ್ತಾ ಏದುಸಿರಿನಂತಾಗಿ, ಆಮೇಲೆ ಮೆಲ್ಲಗಾಗುತ್ತಾ ಬಂದು ನಿಂತೇ ಹೋಗುತ್ತದೆ. ಮತ್ತೆ ಅದೇ ಸುತ್ತು. ಗೊರಕೆ ಇಲ್ಲದಿದ್ದರೆ ಅಪ್ನಿಯಾ ಅಲ್ಲ ಅಂತ ಪರಿಚಯದವರು ಹೇಳಿದರು, ಸರಿಯಾ?

ಉತ್ತರ: ಸರಿ ಅಲ್ಲ. ನೀವು ಬರೆದಿರುವುದು ಪುಸ್ತಕದಲ್ಲಿರುವ ವಿವರಣೆಯ ಹಾಗೆಯೇ ಇದೆ. ಇದಕ್ಕೆ ಚೇನ್-ಸ್ಟೋಕ್ಸ್ ಉಸಿರಾಟ ಅನ್ನುತ್ತಾರೆ. ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ಇದನ್ನು ಬರೆದಿಟ್ಟರು. ಆಗ ಬೆಲ್ಟೂ ಇಲ್ಲ, ಕ್ಲಿಪ್ಪೂ ಇಲ್ಲ, ರೋಗಿಯ ಹಾಸಿಗೆ ಪಕ್ಕ ಕೂತು ನೋಡಿಯೇ ಹಿಡಿದದ್ದು. ಹಾಗಾಗಿ ಮನೆಯವರು ನೋಡಿ ಹೇಳುವ ಮಾತನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಹೃದಯ ದುರ್ಬಲವಾದಾಗ ಶ್ವಾಸಕೋಶದಿಂದ ರಕ್ತ ಮಿದುಳಿಗೆ ತಲುಪುವುದು ತಡವಾಗುತ್ತದೆ. ಜೊತೆಗೆ ರಕ್ತದ ಇಂಗಾಲದ ಡೈಆಕ್ಸೈಡ್ ಏರಿಳಿತಕ್ಕೆ ಮಿದುಳು ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಅದು ಸ್ವಲ್ಪ ಏರಿದರೆ ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿಸುತ್ತದೆ. ಜಾಸ್ತಿ ಆಯಿತು ಅನ್ನುವ ಸುದ್ದಿ ಮಿದುಳಿಗೆ ಮುಟ್ಟುವಷ್ಟರಲ್ಲಿ ಡೈಆಕ್ಸೈಡ್ ತೀರಾ ಇಳಿದಿರುತ್ತದೆ, ಆಗ ಉಸಿರನ್ನೇ ನಿಲ್ಲಿಸುತ್ತದೆ. ಹೀಗೆ ಏರಿ, ಇಳಿದು, ನಿಂತು, ಒಂದು ಸುತ್ತಿಗೆ ಸುಮಾರು ಒಂದು ನಿಮಿಷ ಆಗುತ್ತದೆ. ಎತ್ತರದ ಬೆಟ್ಟ ಪ್ರದೇಶಕ್ಕೆ ಹೋದ ಆರೋಗ್ಯವಂತರಲ್ಲೂ ಇದೇ ತರಹದ ಏರಿಳಿತ ಕಾಣುತ್ತದೆ, ಅಲ್ಲಿ ಸುತ್ತು ಇನ್ನೂ ಚಿಕ್ಕದು, ಕಾರಣವೂ ಬೇರೆ.

ಒಂದು ಎಚ್ಚರಿಕೆ. ಏದುಸಿರು ಜೋರಾದ ಹೊತ್ತಿನಲ್ಲಿ ಇಂಥವರಿಗೂ ಗೊರಕೆ ಬರಬಹುದು. ಗೊರಕೆ ಕೇಳಿಸಿತು ಅಂತ ‘ಓ, ಇದು ಗಂಟಲಿನದು’ ಅಂದುಬಿಡಬಾರದು.

ಬಗೆ ಯಾವುದಾದರೆ ಏನು, ಮಾಸ್ಕ್ ಮೂಲಕ ಗಾಳಿ ಒತ್ತಿ ಕೊಡುವ ಮಷಿನ್ ಹಾಕಿದರಾಯಿತಲ್ಲ ಅಂತ ಕೇಳುವವರಿದ್ದಾರೆ. ಅಂಥವರಿಗೆ ನಾನು ಹೇಳುವುದು 2015ರ ಸರ್ವ್-ಎಚ್‌ಎಫ್ ಅಧ್ಯಯನದ ಕಥೆ. ಹೃದಯದ ಪಂಪಿಂಗ್ ಪ್ರಮಾಣ ಶೇಕಡ 45 ಅಥವಾ ಅದಕ್ಕಿಂತ ಕಡಿಮೆ ಇದ್ದು, ಮುಖ್ಯವಾಗಿ ಸೆಂಟ್ರಲ್ ಅಪ್ನಿಯಾ ಇದ್ದ ರೋಗಿಗಳಿಗೆ ಎಎಸ್‌ವಿ ಅನ್ನುವ ಉಸಿರಾಟದ ಮಷಿನ್ ಕೊಟ್ಟು ನೋಡಿದರು. ಅಪ್ನಿಯಾ ಚೆನ್ನಾಗಿ ಹತೋಟಿಗೆ ಬಂತು. ಆದರೆ ಮಷಿನ್ ಹಾಕಿಕೊಂಡ ಗುಂಪಿನಲ್ಲೇ ಸಾವು ಜಾಸ್ತಿಯಾಯಿತು. ಯಾರೂ ಊಹಿಸಿರಲಿಲ್ಲ. ಮುಂದೆ ಬೇರೆ ರೀತಿಯ ಎಎಸ್‌ವಿ ಮಷಿನ್ ಇಟ್ಟು ನಡೆದ ಇನ್ನೊಂದು ಅಧ್ಯಯನದಲ್ಲಿ ಆ ಅಪಾಯ ಕಾಣಲಿಲ್ಲ, ಸಾವು ಕಮ್ಮಿಯಾದದ್ದೂ ಕಾಣಲಿಲ್ಲ. ಆದ್ದರಿಂದ ಯಾರೋ ವಾಪರಿಸಿ ಬಿಟ್ಟ ಮಷಿನ್ ತಂದು ತಂದೆಯವರಿಗೆ ಹಾಕುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಮೊದಲು ಹೃದಯದ ಡಾಕ್ಟರಿಗೆ ನೀವು ಕಂಡದ್ದನ್ನು ಹೇಳಿ, ವಿಡಿಯೋ ತೋರಿಸಿ. ಹೃದಯದ ಔಷಧಿಗಳನ್ನು ಸರಿಹೊಂದಿಸಿದರೆ ಉಸಿರಾಟವೂ ಎಷ್ಟೋ ಸುಧಾರಿಸುವುದುಂಟು. ನೋವಿಗೆ ಮಾರ್ಫಿನ್, ಟ್ರಮಡಾಲ್ ಗುಂಪಿನ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಆ ಔಷಧಿಗಳೇ ಸೆಂಟ್ರಲ್ ಅಪ್ನಿಯಾ ತರಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಸರ್, ನಾನು ಒಬ್ಬನೇ ಇರುವವನು. ನೋಡಿ ಹೇಳಲು ಯಾರೂ ಇಲ್ಲ. ಗೊರಕೆ ರೆಕಾರ್ಡ್ ಮಾಡುವ ಆಪ್ ಹಾಕಿಕೊಂಡಿದ್ದೇನೆ, ‘ಅಪ್ನಿಯಾ ಸಾಧ್ಯತೆ ಹೆಚ್ಚು’ ಅಂತ ತೋರಿಸುತ್ತಿದೆ. ನಂಬಬಹುದಾ? ಬಗೆ ಯಾವುದು ಅಂತ ಆಪ್ ಹೇಳಬಲ್ಲುದಾ?

ಉತ್ತರ: ‘ಸಾಧ್ಯತೆ ಹೆಚ್ಚು’ ಅನ್ನುವುದನ್ನು ನಂಬಿ, ಪರೀಕ್ಷೆಗೆ ಹೋಗಿ. ‘ಏನೂ ಇಲ್ಲ’ ಅಂತ ತೋರಿಸಿದ್ದರೆ ಮಾತ್ರ ನಂಬಬೇಡಿ ಅನ್ನುತ್ತಿದ್ದೆ. ಬಗೆಯ ವಿಷಯಕ್ಕೆ ಬಂದರೆ, ಬರೀ ಮೈಕ್ ಮೇಲೆ ನಡೆಯುವ ಆಪ್‌ಗೆ ಮೇಲೆ ಹೇಳಿದ ಅದೇ ತೊಂದರೆ, ಎದೆ ಅಲುಗಾಡಿತೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಫ್ಯಾನ್ ಸದ್ದು ಬೇರೆ. ನೀವು ಗೋಡೆ ಕಡೆ ತಿರುಗಿ ಮಲಗಿದರೂ ಅದಕ್ಕೆ ನಿಶ್ಶಬ್ದವೇ.

ಇದನ್ನು ದಾಟಲು ಜಾಣತನದ ಪ್ರಯತ್ನಗಳು ನಡೆದಿವೆ. 2015ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಫೋನ್‌ನ ಸ್ಪೀಕರಿನಿಂದ ನಮ್ಮ ಕಿವಿಗೆ ಕೇಳಿಸದ ಶಬ್ದ ಹೊರಡಿಸಿ, ಅದು ಮೈಗೆ ಬಡಿದು ವಾಪಸ್ ಬರುವುದನ್ನು ಮೈಕ್‌ನಲ್ಲಿ ಹಿಡಿದು, ಎದೆ ಹೊಟ್ಟೆಯ ಏರಿಳಿತ ಲೆಕ್ಕ ಹಾಕುವ ವಿಧಾನ ತೋರಿಸಿದರು. ಅಂದರೆ ಉಸಿರಿನ ಶಬ್ದ ಕೇಳುವುದನ್ನು ಬಿಟ್ಟು, ಶಬ್ದವನ್ನೇ ಕಣ್ಣು ಮಾಡಿಕೊಂಡರು. ನನಗೆ ಬಹಳ ಇಷ್ಟವಾದ ಉಪಾಯ ಇದು. ಇನ್ನೊಂದು ದಾರಿ ಕತ್ತಿನ ಬುಡದ ಗುಳಿಗೆ ಸಣ್ಣ ಸೆನ್ಸರ್ ಅಂಟಿಸುವುದು. ಶ್ವಾಸನಾಳದ ಮೇಲೇ ಕೂರುವುದರಿಂದ ಗೊರಕೆ ಇಲ್ಲದ ಮೆಲ್ಲನೆಯ ಉಸಿರೂ ಅದಕ್ಕೆ ಕೇಳುತ್ತದೆ, ಗಾಳಿ ನಿಂತಾಗಲೂ ಎಳೆತದಿಂದ ಆಗುವ ಸಣ್ಣ ಅಲುಗಾಟ ಸಿಗುತ್ತದೆ. ಶಬ್ದದಿಂದ ಬಗೆ ಗುರುತಿಸುವ ಕೆಲಸದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಈ ದಾರಿಯ ಮೇಲೆ, ಮೇಜಿನ ಮೇಲಿಟ್ಟ ಫೋನಿನ ಮೇಲೆ ಅಲ್ಲ.

ಕೈಗಡಿಯಾರದವರದ್ದು ಬೇರೆ ಲೆಕ್ಕ. 2024ರಲ್ಲಿ ಸ್ಯಾಮ್‌ಸಂಗ್ ಮತ್ತು ಆಪಲ್ ಎರಡರ ವಾಚ್ ಸೌಲಭ್ಯಕ್ಕೂ ಅಮೆರಿಕದ ಔಷಧ, ವೈದ್ಯಕೀಯ ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಅವು ಶಬ್ದ ಕೇಳುವುದಿಲ್ಲ. ಒಂದು ರಕ್ತದ ಆಮ್ಲಜನಕ ನೋಡುತ್ತದೆ, ಇನ್ನೊಂದು ಮಣಿಕಟ್ಟಿನ ಸೂಕ್ಷ್ಮ ಅಲುಗಾಟ ನೋಡುತ್ತದೆ. ಎರಡೂ ‘ಇರಬಹುದು, ತೋರಿಸಿಕೊಳ್ಳಿ’ ಅನ್ನುತ್ತವೆಯೇ ಹೊರತು ರೋಗ ತೀರ್ಮಾನ ಮಾಡುವುದಿಲ್ಲ.

ಸ್ಲೀಪ್ ಸ್ಟಡಿ ವರದಿ ಕೈಗೆ ಬಂದಾಗ ಎಎಚ್‌ಐ ಅನ್ನುವ ಅಂಕಿ ಹುಡುಕಿ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಮ್ಮಿಯಾಯಿತು ಅನ್ನುವ ಲೆಕ್ಕ ಅದು, ಒಂದೊಂದೂ ಕನಿಷ್ಠ 10 ಸೆಕೆಂಡ್ ಇರಬೇಕು. ದೊಡ್ಡವರಲ್ಲಿ 5ರಿಂದ 15ರ ಒಳಗೆ ಸೌಮ್ಯ, 15ರಿಂದ 30 ಮಧ್ಯಮ, ಅದರ ಮೇಲೆ ತೀವ್ರ. ಅಲ್ಲಿಗೇ ನಿಲ್ಲಬೇಡಿ, ಅದರಲ್ಲಿ ಅಬ್‌ಸ್ಟ್ರಕ್ಟಿವ್ ಎಷ್ಟು, ಸೆಂಟ್ರಲ್ ಎಷ್ಟು ಅಂತ ಬೇರೆಯಾಗಿ ಕೊಟ್ಟಿರುತ್ತಾರೆ. ಅದನ್ನು ಡಾಕ್ಟರ್ ಹತ್ತಿರ ಕೇಳಿಯೇ ಕೇಳಿ.

ಪ್ರಶ್ನೆ: ಗೊರಕೆಯ ಸ್ವರ ಕೇಳಿ ಗಂಟಲಿನಲ್ಲಿ ಅಡ್ಡಿ ಎಲ್ಲಿದೆ ಅಂತ ಹೇಳಬಹುದಂತೆ. ಹೌದಾ?

ಉತ್ತರ: ಸ್ವಲ್ಪ ಮಟ್ಟಿಗೆ. ಬಾಯಿಯ ಹಿಂಭಾಗದ ಮೆತ್ತನೆಯ ಅಂಗುಳ ಮತ್ತು ಕಿರುನಾಲಿಗೆ ಅದುರುವಾಗ ಸದ್ದು ದಪ್ಪ, ಪಟಪಟ ಬಡಿದ ಹಾಗೆ. ನಾಲಿಗೆಯ ಬುಡದಲ್ಲಿ ಇಕ್ಕಟ್ಟಾದರೆ ಸ್ವರ ಏರಿ ಗರಗರ ಅನ್ನುತ್ತದೆ. ಆದರೆ ಒಬ್ಬರಲ್ಲೇ ಎರಡು ಮೂರು ಕಡೆ ಇಕ್ಕಟ್ಟು ಇರುವುದು ಮಾಮೂಲು. ಆಪರೇಷನ್ ಮಾಡುವ ಮುಂಚೆ ಸರ್ಜನ್‌ಗಳು ಸ್ವರ ನಂಬಿ ಕೂರುವುದಿಲ್ಲ, ಔಷಧಿ ಕೊಟ್ಟು ನಿದ್ದೆ ಬರಿಸಿ ಕ್ಯಾಮೆರಾ ಇಳಿಸಿ ನೋಡುತ್ತಾರೆ.

ಪ್ರಶ್ನೆ: ನನ್ನ ತಂಗಿ ನಿದ್ದೆಯಲ್ಲಿ ಉಸಿರು ಹಿಡಿದು ಆಮೇಲೆ ಉದ್ದಕ್ಕೆ ‘ಊಂ...’ ಅಂತ ನರಳುತ್ತಾಳೆ. ಎಬ್ಬಿಸಿದರೆ ಏನೂ ನೋವಿಲ್ಲ ಅನ್ನುತ್ತಾಳೆ. ಇದೂ ಅಪ್ನಿಯಾನಾ?

ಉತ್ತರ: ಒಂದು ವಿಷಯ ಗಮನಿಸಿ. ಆ ಸದ್ದು ಉಸಿರು ಒಳಗೆ ಎಳೆಯುವಾಗ ಬರುತ್ತದಾ, ಹೊರಗೆ ಬಿಡುವಾಗ ಬರುತ್ತದಾ? ಗೊರಕೆ ಹೆಚ್ಚಾಗಿ ಎಳೆಯುವಾಗಿನ ಸದ್ದು. ದೊಡ್ಡ ಉಸಿರೆಳೆದು, ಅದನ್ನು ಬಿಡುವಾಗ ಉದ್ದಕ್ಕೆ ನರಳಿದರೆ ಅದು ಕ್ಯಾಟಥ್ರೀನಿಯಾ ಅನ್ನುವ ಬೇರೆಯದೇ ಸಂಗತಿ. ಸಾಮಾನ್ಯವಾಗಿ ಅಪಾಯ ಇಲ್ಲ, ನಿದ್ದೆ ಕೆಡುವುದು ಪಕ್ಕದಲ್ಲಿ ಮಲಗಿದವರದು. ಸ್ಲೀಪ್ ಸ್ಟಡಿಯಲ್ಲಿ ಇದನ್ನೇ ಸೆಂಟ್ರಲ್ ಅಪ್ನಿಯಾ ಅಂತ ತಪ್ಪು ತಿಳಿಯುವ ಸಾಧ್ಯತೆ ಇರುತ್ತದೆ, ಆದ್ದರಿಂದ ನರಳುವ ವಿಷಯ ಮೊದಲೇ ಹೇಳಿ. ಆದರೆ ಎಳೆಯುವಾಗ ಸೀಟಿ ಹೊಡೆದಂತೆ ಕೀರಲು ಸದ್ದು ಬಂದರೆ ಅದು ಧ್ವನಿಪೆಟ್ಟಿಗೆ ಇಕ್ಕಟ್ಟಾದ ಲಕ್ಷಣ. ತಡಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಆರು ವರ್ಷದ ಮಗ ಗೊರಕೆ ಹೊಡೆಯುತ್ತಾನೆ. ಮಕ್ಕಳ ಗೊರಕೆ ಗಾಢ ನಿದ್ದೆಯ ಗುರುತು ಅನ್ನುತ್ತಾರೆ ಮನೆಯ ಹಿರಿಯರು.

ಉತ್ತರ: ಶೀತವಾದಾಗ ನಾಲ್ಕು ದಿನ ಹೊಡೆದರೆ ಬಿಡಿ. ವಾರದ ಜಾಸ್ತಿ ರಾತ್ರಿ ಹೊಡೆದರೆ ತೋರಿಸಿ. ಮಕ್ಕಳಲ್ಲಿ ಹೆಚ್ಚಾಗಿ ಗಂಟಲಿನ ಟಾನ್ಸಿಲ್, ಮೂಗಿನ ಹಿಂಭಾಗದ ಅಡಿನಾಯ್ಡ್ ಗಡ್ಡೆ ದೊಡ್ಡದಾಗಿರುತ್ತವೆ. ದೊಡ್ಡವರ ಹಾಗೆ ನಿಂತು, ಗಕ್ ಅಂದು ಶುರುವಾಗುವ ಮಾದರಿ ಅಷ್ಟು ಸ್ಪಷ್ಟ ಇರುವುದಿಲ್ಲ, ಇಡೀ ರಾತ್ರಿ ಕಷ್ಟಪಟ್ಟು ಎಳೆಯುತ್ತಿರುತ್ತಾರೆ. ಬಾಯಿ ತೆರೆದು ಕತ್ತು ಹಿಂದಕ್ಕೆ ಚಾಚಿ ಮಲಗುವುದು, ವಿಪರೀತ ಬೆವರು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಹಗಲು ತೂಕಡಿಕೆಯ ಬದಲು ಒಂದು ಕಡೆ ಕೂರದ ತುಂಟತನ, ಇವೆಲ್ಲ ಸುಳಿವು. ಮಕ್ಕಳ ಲೆಕ್ಕ ಬೇರೆ: ಗಂಟೆಗೆ ಒಂದೇ ಸಲ ಉಸಿರು ಕಟ್ಟಿದರೂ ಗಮನ ಕೊಡಬೇಕಾದದ್ದೇ.

ಪ್ರಶ್ನೆ: ಗಂಟಲು ಮುಚ್ಚದಂತೆ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಮಷಿನ್ ಹಾಕಿಕೊಂಡು ಮಲಗಲು ಶುರುಮಾಡಿದ್ದೇನೆ. ಗೊರಕೆ ಪೂರ್ತಿ ಹೋಯಿತು. ಆದರೆ ಮಷಿನ್ ವರದಿಯಲ್ಲಿ ‘ಸಿಎ’ ಅಂತ ಹೊಸದಾಗಿ ಕಾಣಿಸಿಕೊಂಡಿದೆ. ಹೆಂಡತಿಯೂ ‘ಸದ್ದಿಲ್ಲದೆ ಉಸಿರು ನಿಲ್ಲುತ್ತೆ ಕಣ್ರೀ’ ಅನ್ನುತ್ತಾಳೆ. ಮಷಿನ್ನೇ ಕೆಡಿಸಿತಾ?

ಉತ್ತರ: ಆ ಎರಡಕ್ಷರ ಗಂಟಲು ತೆರೆದೇ ಇದ್ದು ಉಸಿರು ನಿಂತದ್ದನ್ನು ಸೂಚಿಸುತ್ತದೆ, ಅಂದರೆ ಸೆಂಟ್ರಲ್ ತರಹದ್ದು. ಮಷಿನ್‌ಗೆ ಎದೆ ಕಾಣುವುದಿಲ್ಲ, ಆದರೂ ಅದು ಒಂದು ಉಪಾಯ ಮಾಡುತ್ತದೆ: ಉಸಿರು ನಿಂತಾಗ ಸಣ್ಣ ಸಣ್ಣ ಗಾಳಿಯ ಅಲೆ ಕಳಿಸಿ, ಗಂಟಲು ತೆರೆದಿದೆಯಾ ಮುಚ್ಚಿದೆಯಾ ಅಂತ ನೋಡುತ್ತದೆ. ಮಗ್ಗುಲು ಹೊರಳುವಾಗ, ಅರೆ ಎಚ್ಚರದಲ್ಲಿ ಉಸಿರು ಹಿಡಿದಾಗಲೂ ಅದು ಸಿಎ ಅಂತ ಬರೆದುಕೊಳ್ಳಬಹುದು, ಹಾಗಾಗಿ ನಾಲ್ಕಾರು ಕಂಡರೆ ಗಾಬರಿ ಬೇಡ.

ಕೆಲವರಲ್ಲಿ ಗಂಟಲಿನ ಅಡ್ಡಿ ಹೋದ ಮೇಲೆ ಸೆಂಟ್ರಲ್ ಹೊಸದಾಗಿ ಎದ್ದು ಕಾಣುವುದು ನಿಜ. ಹೆಚ್ಚಿನವರಲ್ಲಿ ಕೆಲವು ವಾರ ತಿಂಗಳುಗಳಲ್ಲಿ ತಾನಾಗಿ ಕಮ್ಮಿಯಾಗುತ್ತದೆ. ಮಷಿನ್ ಬಿಡಬೇಡಿ, ಒತ್ತಡವನ್ನು ನೀವೇ ಏರಿಸಿ ಇಳಿಸಿ ಮಾಡಬೇಡಿ. ಸಿಎ ಗಂಟೆಗೆ ಐದರ ಮೇಲೆಯೇ ಉಳಿದರೆ, ಅಥವಾ ಹೃದಯದ ತೊಂದರೆ ಏನಾದರೂ ಇದ್ದರೆ, ವರದಿ ತೆಗೆದುಕೊಂಡು ಡಾಕ್ಟರನ್ನು ಬೇಗ ನೋಡಿ. ಹೋಗುವಾಗ ಹೆಂಡತಿಯವರನ್ನೂ ಕರೆದುಕೊಂಡು ಹೋಗಿ, ಅವರನ್ನು ಕೇಳಬೇಕಾದ ಪ್ರಶ್ನೆಗಳು ನಿಮಗಿಂತ ಜಾಸ್ತಿ ಇರುತ್ತವೆ.